ಹೊನ್ನನ ಬಂಡೆ

ಹಿರೇಬೇಲೆಯಲ್ಲಿ ಹೊಳೆ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ, ಅರ್ಧ ಮರಳಿಗೂ ಅರ್ಧ ನೀರಿಗೂ ಚಾಚಿಕೊಂಡ ಕರಿಬಂಡೆಯೊಂದಿದೆ. ಅದನ್ನು ಹೊನ್ನನ ಬಂಡೆ ಎಂದು ಕರೆಯುತ್ತಾರೆ. ಹೆಸರು ಕೇಳಿದ ಪರಊರಿನವರು ಅಲ್ಲಿ ಹೊನ್ನು ಹೂತಿರಬೇಕೆಂದು ಭಾವಿಸುವುದುಂಟು. ಯಾರೋ ಆಸೆಬುರುಕರು ಬುಡವನ್ನು ಅಗೆದು ನೋಡಿದ್ದೂ ಉಂಟು. ಅಲ್ಲಿ ಹೊನ್ನೂ ಇಲ್ಲ, ಗುಡಿಯೂ ಇಲ್ಲ. ಹೊನ್ನ ಎಂಬವನು ಈ ಊರಿನ ಒಬ್ಬ ಮೀನುಗಾರ. ಅವನು ಆ ಬಂಡೆಯ ಮೇಲೆ ನಿಂತು ಏನನ್ನೂ ಸಾಧಿಸಿದವನಲ್ಲ. ಆದರೂ ಬಂಡೆಗೆ ಅವನ ಹೆಸರೇ ನಿಂತಿತು. ಅದು ಹೇಗೆಂಬುದನ್ನು ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ, ಮಳೆಗಾಲ ಕಳೆದು ಕಡಲು ತಣ್ಣಗಾಯಿತೆಂದು ನಂಬಿ, ಊರಿನ ದೋಣಿಗಳೆಲ್ಲ ಮೀನಿಗೆ ಹೋಗಿದ್ದವಂತೆ. ಅವು ಹೋದ ಬೆನ್ನಿಗೇ ಬಿರುಗಾಳಿ ಎದ್ದಿತು. ಕಡಲು ಊರೊಳಗೆ ನುಗ್ಗಿ ಗುಡಿಸಲುಗಳನ್ನು, ಒಣಹಾಕಿದ ಬಲೆಗಳನ್ನು, ಕಟ್ಟಿದ ಆಡುಗಳನ್ನು, ಓಡಲಾರದ ಮುದುಕರನ್ನು ಎಳೆದುಕೊಂಡು ಹೋಯಿತು. ಉಳಿದವರು ಮರಳಿನ ದಿಬ್ಬವೇರಿ ಜೀವ ಹಿಡಿದುಕೊಂಡರು. ಗಾಳಿ ನಿಂತ ಮೇಲೆ ಅದಕ್ಕಿಂತ ದೊಡ್ಡ ದಿಗಿಲು ಕಾದಿತ್ತು. ಅಳಿವೆಯ ಗುರುತಿಗಿದ್ದ ಜೋಡಿ ತಾಳೆಮರಗಳು ಬುಡಮೇಲಾಗಿದ್ದವು. ಸಣ್ಣ ಮಳೆ, ದಟ್ಟ ಮಂಜು. ಚಾಚಿದ ಕೈಯೇ ಕಾಣದು. ಅಳಿವೆಯ ಎರಡೂ ಮಗ್ಗುಲಿಗೆ ನೀರಡಿಯ ಕಲ್ಲುಸಾಲು. ಬದುಕಿ ಬಂದ ದೋಣಿಯಾದರೂ ದಾರಿ ತಪ್ಪಿದರೆ ಒಡೆದು ಚೂರಾಗುವುದು ಖಂಡಿತ.

ಹೊನ್ನನ ಹೆಂಡತಿ ಸೋಮಿ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಒದ್ದೆ ಸೀರೆಯಲ್ಲೇ ಬಂಡೆ ಹತ್ತಿ, ಕಡಲಿಗೆ ಮುಖ ಮಾಡಿ, "ಹೊನ್ನಾ..." ಎಂದು ಕೂಗತೊಡಗಿದಳು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರದ ಕಾಲವದು. ಊರ ಯಜಮಾನ ಜಟ್ಟಪ್ಪ ಕೆಳಗಿನಿಂದ ಗದರಿಸಿದ: "ಗಂಡನ ಹೆಸರು ಹಿಡಿದು ಕೂಗ್ತೀಯಲ್ಲೇ! ಅವನ ಆಯುಷ್ಯ ಕಳೀಬೇಡ, ಇಳಿ." ಸೋಮಿ ಇಳಿಯಲಿಲ್ಲ. ಕೂಗಿ ಕೂಗಿ ಅವಳ ಗಂಟಲು ಬಿರಿಯುವ ಹೊತ್ತಿಗೆ ಮಂಜಿನೊಳಗಿಂದ ಹುಟ್ಟಿನ ಸದ್ದು ಕೇಳಿಸಿತು. ಸೋಮಿ ನೀರಿಗೆ ಹಾರಿ ಓಡಿದಳು. ಬಂದದ್ದು ಬೀರ ಎಂಬವನ ದೋಣಿ. ಅದರಲ್ಲಿ ಹೊನ್ನನಿರಲಿಲ್ಲ.

"ದಿಕ್ಕೇ ತಿಳೀದೆ ಸುತ್ತುತ್ತಿದ್ದೆವು, ಈ ಕೂಗು ಹಿಡಿದು ಬಂದೆವು," ಎಂದ ಬೀರ. ಅಷ್ಟು ಕೇಳಿದ್ದೇ ತಡ, ದಿಬ್ಬದಲ್ಲಿದ್ದ ಹೆಂಗಸರೆಲ್ಲ ಬಂಡೆಯತ್ತ ನುಗ್ಗಿ ತಂತಮ್ಮವರ ಹೆಸರು ಹಿಡಿದು ಅರಚತೊಡಗಿದರು. ಬೀರ ಕೈಮುಗಿದು ತಡೆದ. "ಹತ್ತು ಕಡೆಯಿಂದ ಹತ್ತು ಹೆಸರು ಕೂಗಿದರೆ ನೀರಿನ ಮೇಲೆ ಬರೀ ಗದ್ದಲ. ಒಬ್ಬರೇ ಕೂಗಿ, ಒಂದೇ ಹೆಸರು ಕೂಗಿ." ಯಾರ ಹೆಸರು? ಎಲ್ಲರೂ ಮುಖ ಮುಖ ನೋಡಿಕೊಂಡರು. ತುಳಸಿ ಎಂಬ ವಿಧವೆಯ ಒಬ್ಬನೇ ಮಗ ಕಡಲಲ್ಲಿದ್ದ. ಅವಳೇ ಮೊದಲು ಬಂಡೆ ಹತ್ತಿದಳು. ಮಗನ ಹೆಸರು ಗಂಟಲಿಗೆ ಬಂದಿತ್ತು. ನೆಲಕ್ಕೊರಗಿದ್ದ ಸೋಮಿಯನ್ನು ಒಮ್ಮೆ ನೋಡಿ, ಅದನ್ನು ನುಂಗಿಕೊಂಡು, "ಹೊನ್ನಾ..." ಎಂದಳು.

ಒಬ್ಬಳ ದನಿ ಬಿದ್ದರೆ ಇನ್ನೊಬ್ಬಳು. ಗದರಿಸಿದ ಜಟ್ಟಪ್ಪನೂ ತನ್ನ ಸರದಿಗೆ ನಿಂತ. ಒಂದೊಂದಾಗಿ ದೋಣಿಗಳು ಬಂದವು, ಕೆಲವು ಬರಲಿಲ್ಲ. ತುಳಸಿಯ ಮಗ ಬಂದವನೇ, "ಅವ್ವಾ, ನಿನ್ನ ದನಿ ಗುರುತಾಯ್ತು. ನನ್ನ ಬಿಟ್ಟು ಹೊನ್ನಣ್ಣನ್ನ ಯಾಕೆ ಕೂಗ್ತಿದ್ದೆ?" ಎಂದು ಕೇಳಿದ. ತುಳಸಿ ಅವನ ತಲೆಯನ್ನು ಎದೆಗೊತ್ತಿಕೊಂಡಳು. ಮಗನನ್ನು ದಿಬ್ಬಕ್ಕೆ ಕಳಿಸಿ ಮತ್ತೆ ಬಂಡೆ ಹತ್ತಿದಳು. ತಮ್ಮವರು ಮರಳಿದವರೂ, ಮರಳದವರೂ, ಯಾರೂ ಅಲ್ಲಿಂದ ಕದಲಲಿಲ್ಲ ಎನ್ನುತ್ತಾರೆ.

ಮರುದಿನ ಮಂಜು ಕರಗಿತು. ಕಣ್ಣು ಹಾಯುವಷ್ಟು ದೂರವೂ ಕಡಲು ಬರಿದಾಗಿತ್ತು. ಆದರೂ ತುಳಸಿ ಕೂಗುತ್ತಲೇ ಇದ್ದಳು. ಸೋಮಿ ಮೇಲೇರಿ ಅವಳ ಬಾಯಿಗೆ ಕೈಯಿಟ್ಟಳು. "ಸಾಕು ತುಳಸಕ್ಕ. ಅವರು ಬರೂದಾಗಿದ್ರೆ ಬರ್ತಿದ್ರು." ಆಮೇಲೆ ಅವಳು ಗಂಡನ ಹೆಸರನ್ನು ಎಂದೂ ಬಾಯಲ್ಲಿ ತರಲಿಲ್ಲವಂತೆ. ಊರವರು ಒಡೆದ ದೋಣಿಗಳ ಹಲಗೆ ತಂದು ಮೊದಲು ಕಟ್ಟಿದ್ದು ಸೋಮಿಯ ಗುಡಿಸಲನ್ನು. ತಮ್ಮ ತಮ್ಮ ಸೂರು ಆಮೇಲೆ ನೋಡಿಕೊಂಡರು. ಅವಳಿರುವ ತನಕ ದಡಕ್ಕೆ ಬಂದ ಪ್ರತಿ ದೋಣಿಯಿಂದಲೂ ಒಂದು ಹಿಡಿ ಮೀನು ಅವಳ ಬುಟ್ಟಿಗೆ ಬೀಳುತ್ತಿತ್ತು.

ಈಗ ಅಳಿವೆಯಲ್ಲಿ ದೀಪದ ಕಂಬವಿದೆ, ದೋಣಿಗಳಿಗೆ ಇಂಜಿನ್ನುಗಳಿವೆ. ಆದರೂ ಮಂಜು ಮುಸುಕಿದ ಬೆಳಗಿನಲ್ಲಿ ಹಿರೇಬೇಲೆಗೆ ಹೋದವರು, ಬಂಡೆಯ ಮೇಲೆ ಯಾರಾದರೊಬ್ಬರು ನಿಂತು "ಹೊನ್ನಾ..." ಎಂದು ಕೂಗುವುದನ್ನು ಕಾಣಬಹುದು. ದೋಣಿಯಲ್ಲಿರುವವನ ಹೆಸರು ಯಾವುದೇ ಇರಲಿ, ಅವನು ಇಂಜಿನ್ನು ತಗ್ಗಿಸಿ ಮಂಜಿನೊಳಗಿಂದ ಓಗೊಡುತ್ತಾನೆ: "ಬಂದೇ..."