ನೆರಿಗೆ ಲಿಲ್ಲಿಯೂ ತಲೆಯಾಡಿಸುವ ಓತಿಕ್ಯಾತನೂ

ಒಂದು ಕಾಡಿನಲ್ಲಿ ದಾರಿ ತಪ್ಪಿದ ಜೇನುಹುಳುವೊಂದು ಬೇಲಿಯ ಮೇಲೆ ಕೂತಿದ್ದ ಓತಿಕ್ಯಾತನನ್ನು ಕೇಳಿತು: “ಅಣ್ಣಾ, ಹೂವಿರುವ ಕಡೆ ಹೇಗೆ ಹೋಗಲಿ?”

ಅವಳ ಹೆಸರು ಹೊಂಗಿ. ಏಳು ಕಾಡು ಸುತ್ತಿದವಳು. ಆದರೆ ಅಂದಿನ ಗಾಳಿಗೆ ದಿಕ್ಕು ತಪ್ಪಿದ್ದಳು. ಗೂಡಿನಲ್ಲಿ ಮರಿಗಳು ಎರಡು ದಿನದಿಂದ ಉಪವಾಸ. ಸಂಜೆಯೊಳಗೆ ಪರಾಗ ಒಯ್ಯದಿದ್ದರೆ ಅವು ಉಳಿಯುವಂತಿರಲಿಲ್ಲ.

ಓತಿಕ್ಯಾತ ತಲೆಯಾಡಿಸಿದ. ಎಲ್ಲದಕ್ಕೂ ತಲೆಯಾಡಿಸುವುದು ಅವನ ಅಭ್ಯಾಸ. ದಾರಿ ತಪ್ಪಿದವರ ಎದುರು ತಲೆಯಾಡಿಸುವವರಿಗೆ ಯಾವ ಊರಲ್ಲೂ ಬರವಿಲ್ಲ.

“ಬೇಲಿಯೊಳಗೆ ಹಾಳುಬಿದ್ದ ತೋಟ ಇದೆ ತಂಗಿ. ಮೂರು ಲಿಲ್ಲಿ ಗಿಡ. ಒಂದರ ಹೂವು ಕಹಳೆಯಂತೆ ಉದ್ದ, ನಿನ್ನ ನಾಲಿಗೆ ಎಟುಕದು. ಇನ್ನೊಂದು ದಳಗಳನ್ನೆಲ್ಲ ಹಿಂದಕ್ಕೆ ಮಡಚಿಕೊಂಡು ಒಳಗಿನದನ್ನು ಊರಿಗೆಲ್ಲ ತೋರಿಸುತ್ತೆ, ಮಾನಗೆಟ್ಟದ್ದು! ಮೂರನೆಯದು ನೆರಿಗೆ ಲಿಲ್ಲಿ. ದಳದ ಮೇಲೆ ದಳ, ಮದುಮಗಳ ಸೀರೆಯ ಹಾಗೆ. ಉಟ್ಟಿದ್ದೇ ಅಷ್ಟಿದ್ದರೆ ಒಳಗೆ ಇಟ್ಟಿದ್ದು ಎಷ್ಟಿರಬೇಡ!”

ಹೊಂಗಿ ನೆರಿಗೆ ಲಿಲ್ಲಿಗೆ ನುಗ್ಗಿದಳು. ಒಂದು ದಳ ಸರಿಸಿದರೆ ಇನ್ನೊಂದು ದಳ. ಅದರ ಹಿಂದೆ ಮತ್ತೊಂದು. ಪರಾಗ ಮಾತ್ರ ಚಿಟಿಕೆಯಷ್ಟೂ ಇಲ್ಲ.

“ಕಾಲಿನ ಹಿಡಿತ ಬಿಡೇ! ಕೆಳಗೆ ಬೀಳು!” ಎಂದು ಬುಡದಿಂದ ಯಾರೋ ಕೂಗಿದರು.

ಹೊಂಗಿ ಬಿದ್ದಳು. ಅದೇ ಕ್ಷಣ, ಸದ್ದಿಲ್ಲದೆ ಹಿಂದೆಯೇ ಬಂದಿದ್ದ ಓತಿಕ್ಯಾತನ ಬಾಯಿ ಅವಳಿದ್ದ ದಳವನ್ನು ಕಚ್ಚಿತು.

ಕೂಗಿದ್ದು ಬಸವನಹುಳು ಅಜ್ಜಿ. ಅವಳ ಸುತ್ತ ನೆಲದ ತುಂಬ ಜೇನುಹುಳುಗಳ ರೆಕ್ಕೆಗಳು. ಗೂಡಿಗೆ ಮರಳದ ಅಕ್ಕಂದಿರ ಲೆಕ್ಕ ಹೊಂಗಿಗೆ ಆಗ ಸಿಕ್ಕಿತು.

“ಆ ಹೂವಿನ ಪರಾಗದ ಕಡ್ಡಿಗಳೆಲ್ಲ ದಳವಾಗಿಬಿಟ್ಟಿವೆ ಮಗಳೇ. ಬಡಿಸೋಕೆ ಏನೂ ಉಳಿದಿಲ್ಲ. ಹೋಗು, ಆ ಮಾನಗೆಟ್ಟದ್ದರ ಹತ್ತಿರ ಹೋಗು. ಇದ್ದದ್ದನ್ನು ತೋರಿಸುವವರ ಮನೆಯಲ್ಲೇ ಊಟ.”

ಹಿಂಮಡಚಿದ ಲಿಲ್ಲಿಯಲ್ಲಿ ಹೊಂಗಿಯ ಕಾಲಿನ ಬುಟ್ಟಿಗಳು ತುಂಬಿದವು. “ಈ ಋಣ ಹೇಗೆ ತೀರಿಸಲಿ ಅಜ್ಜಿ?”

“ಬೇಲಿಯಾಚೆ ಇದೇ ಜಾತಿಯ ಇನ್ನೊಂದು ಗಿಡ ಇದೆ. ಅದರ ಪರಾಗ ತಂದು ಈ ಹೂವಿಗೆ ಮುಟ್ಟಿಸು. ಇದಕ್ಕೆ ತನ್ನ ಪರಾಗ ತನಗೇ ಆಗಿಬರಲ್ಲ. ಇದು ಕಾಯಿ ಕಟ್ಟಿದರೆ ಮುಂದೆಯೂ ಇಲ್ಲಿ ಗಿಡ ಇರುತ್ತೆ, ಬುಡದಲ್ಲಿರೋ ನನ್ನ ಮೊಟ್ಟೆ ಒಡೆದು ಬರೋ ಮಕ್ಕಳಿಗೆ ನೆರಳಿರುತ್ತೆ. ನಾಳೆ ಬೆಳಿಗ್ಗೆಯೇ ಬಾ. ಸಂಜೆಗೆ ಹೂವು ಉದುರುತ್ತೆ.”

ಅಜ್ಜಿ ತೋರಿಸಿದ ದಿಕ್ಕು ಹಿಡಿದು ಹೊಂಗಿ ಗೂಡು ಸೇರಿದಳು. ಮರಿಗಳು ಉಂಡವು. ಬೆಳಿಗ್ಗೆ ಅವಳು ಮರಳಿದಾಗ ಬೇಲಿಯ ಮೇಲೆ ಹಸಿದ ಕೆಂಬೂತವೊಂದು ಕೂತಿತ್ತು. ಓತಿಕ್ಯಾತ ನೆರಿಗೆ ಲಿಲ್ಲಿಯ ಮರೆಯಲ್ಲಿ ಬಣ್ಣ ಬದಲಿಸಿ ಕಲ್ಲಿನಂತೆ ಕೂತಿದ್ದ.

‘ಪರಾಗ ಆಮೇಲೆ ತಂದರಾಯಿತು. ಮೊದಲು ಇವನದ್ದು ಮುಗಿಸೋಣ’ ಎಂದುಕೊಂಡಳು ಹೊಂಗಿ.

“ಅಣ್ಣಾ, ಈ ತೋಟಕ್ಕೆ ನೀನೇ ಒಡೆಯನಂತೆ, ಹೌದಾ?”

ಓತಿಕ್ಯಾತ ತಲೆಯಾಡಿಸಿದ.

“ನಿನ್ನಂಥ ಜಾಣ ಇನ್ನೊಬ್ಬ ಇಲ್ಲವಂತೆ, ನಿಜವಾ?”

ಇನ್ನೂ ಜೋರಾಗಿ ಆಡಿಸಿದ. ಕೆಂಬೂತಕ್ಕೆ ಅಷ್ಟು ಸಾಕಾಯಿತು. ಒಂದೇ ನೆಗೆತ, ಒಂದೇ ಗುಟುಕು.

ಹೊಂಗಿ ಗಹಗಹಿಸಿ ನಕ್ಕಳು. ಆ ನಗು ಕೇಳಿ ಬುಡದಲ್ಲಿದ್ದ ಅಜ್ಜಿ ಎಲೆಯಡಿಯಿಂದ ಕತ್ತು ಚಾಚಿದಳು. “ಬಂದೆಯೇನೇ ಹೊಂಗಿ? ಪರಾಗ ತಂದೆಯೇನೇ?”

ಕೆಂಬೂತ ತಿರುಗಿ ನೋಡಿತು. ಕಲ್ಲಿಗೆ ಚಿಪ್ಪು ಬಡಿದ ಸದ್ದು ಎರಡೇ ಸಲ ಕೇಳಿತು.

ಹೊಂಗಿಯ ಬುಟ್ಟಿಗಳು ಖಾಲಿಯಾಗಿದ್ದವು. ಅವಳು ಬೇಲಿ ದಾಟಿದಳು, ಪರಾಗ ತಂದಳು, ಹಿಂಮಡಚಿದ ಹೂವಿನ ತುದಿಗೆ ಮೆಲ್ಲಗೆ ಮುಟ್ಟಿಸಿದಳು. ಕೆಳಗೆ ಒಡೆದ ಚಿಪ್ಪಿನ ಪಕ್ಕ ಮೊಟ್ಟೆಗಳು ಮಣ್ಣಿನಲ್ಲಿ ಬೆಚ್ಚಗಿದ್ದವು. ಋಣ ತೀರಿತು. ತೀರಿತು ಎಂದು ಹೇಳಬೇಕಾದವಳು ಇರಲಿಲ್ಲ.

ನೀತಿ: ಸೇಡು ಕಾಯುತ್ತದೆ, ಋಣ ಕಾಯುವುದಿಲ್ಲ; ಕೆಡಿಸಿದವರನ್ನು ಕೆಡಿಸಲು ಹೊರಡುವ ಮುನ್ನ ಉಳಿಸಿದವರ ಋಣ ತೀರಿಸಿ.