ಮೂರು ಕಂಬಳಿ ಹೊದ್ದ ಮರಿ

"ಗುರುಗಳೇ, ಮಂಜು ಸುರಿಯುವ ನಾಡಿನಲ್ಲಿ ಕುರಿ ಹೇಗೆ ಬೆಚ್ಚಗಿರುತ್ತದೆ?" ಎಂದು ಶಿಷ್ಯನೊಬ್ಬ ಕೇಳಿದ. ಅವನು ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ. "ಉಣ್ಣೆ ಬಿಸಿ ಕೊಡುತ್ತದೆ ಎಂದು ಕಲಿಸಿದೆ. ಒಬ್ಬ ಹುಡುಗಿ ಎದ್ದು ನಿಂತು, 'ಹಾಗಾದರೆ ಗೂಟಕ್ಕೆ ನೇತುಹಾಕಿದ ಕಂಬಳಿ ಯಾಕೆ ತಣ್ಣಗಿರುತ್ತದೆ ಮೇಷ್ಟ್ರೇ?' ಅಂದಳು. ತರಗತಿಯೆಲ್ಲ ನಕ್ಕಿತು. ಅದಕ್ಕೇ ನಿಮ್ಮನ್ನು ಕೇಳಲು ಬಂದೆ."

ಗುರುಗಳೂ ನಕ್ಕರು. ಆಮೇಲೆ ಈ ಕತೆ ಹೇಳಿದರು.

ಹಿಮದ ಬೆಟ್ಟದ ಮಗ್ಗುಲಲ್ಲಿ ಕುರಿ ಸಾಕುವ ಒಬ್ಬ ಮುದುಕಿ ಇದ್ದಳು. ಅವಳ ಸೊಸೆ ಸೆಕೆಯ ನಾಡಿನಿಂದ ಬಂದವಳು. ಒಂದು ಬೆಳಗ್ಗೆ ಒಂದು ಕುರಿ ಮರಿ ಹಾಕಿ ಸತ್ತುಹೋಯಿತು. ಮರಿ ಗಡಗಡ ನಡುಗುತ್ತಿತ್ತು. ಸೊಸೆ ಅದರ ಮೈ ಒರೆಸಿ ಕಂಬಳಿ ಹೊದಿಸಿದಳು. ನಡುಕ ನಿಲ್ಲಲಿಲ್ಲ. ಇನ್ನೊಂದು ಹೊದಿಸಿದಳು. ಮೂರನೆಯದನ್ನೂ ಹೊದಿಸಿದಳು. ಸ್ವಲ್ಪ ಹೊತ್ತಿಗೆ ಮರಿ ಅಲುಗಾಡದೆ ಮಲಗಿತು.

"ನಡುಕ ನಿಂತಿತು ಅತ್ತೆ, ಬೆಚ್ಚಗಾಯಿತು!" ಎಂದು ಸೊಸೆ ಕೂಗಿ ಹೇಳಿದಳು.

ಮುದುಕಿ ಬಂದು ಮರಿಯ ಬಾಯಿಯೊಳಗೆ ಬೆರಳಿಟ್ಟಳು. ಬಾಯಿ ತಣ್ಣಗಿತ್ತು.

"ನಡುಗುವುದಕ್ಕೂ ಶಕ್ತಿ ಬೇಕು ಕಣೇ. ಇದಕ್ಕೆ ಅದೂ ಮುಗಿದಿದೆ. ನಿಮ್ಮೂರಲ್ಲಿ ಕಂಬಳಿಯನ್ನು ಒಲೆಯ ಮೇಲೆ ಕಾಯಿಸಿ ಹೊದೆಯುತ್ತೀರೇನೋ! ಕಂಬಳಿ ಬಿಸಿ ಕೊಡುವುದಿಲ್ಲ. ಇದ್ದ ಬಿಸಿಯನ್ನು ಕಾಪಾಡುತ್ತದೆ, ಅಷ್ಟೇ. ಒಳಗೆ ಏನೂ ಇಲ್ಲದಿದ್ದರೆ ಅದು ಏನನ್ನು ಕಾಪಾಡಬೇಕು?"

ಸೊಸೆಯ ಕಣ್ಣು ತುಂಬಿತು. ಮುದುಕಿ ಮೂರೂ ಕಂಬಳಿ ಬಿಚ್ಚಿ ಮರಿಯನ್ನು ಅವಳ ಕೈಗೆ ಕೊಟ್ಟಳು. "ಹೊಟ್ಟೆಗೆ ಅವಚಿಕೋ. ಮೇಲೆ ಒಂದೇ ಕಂಬಳಿ ಸಾಕು."

ಹೊತ್ತು ಮಾರುದ್ದ ಏರುವವರೆಗೆ ಸೊಸೆ ಹಾಗೆಯೇ ಕುಳಿತಿದ್ದಳು. ಮರಿ ಮತ್ತೆ ನಡುಗತೊಡಗಿತು. ಮುದುಕಿಗೆ ಸಮಾಧಾನವಾಯಿತು. ಆದರೆ ಹೊಟ್ಟೆಗೆ ಹಾಲು ಬೀಳದೆ ಆ ಬಿಸಿ ಉಳಿಯುವಂತಿರಲಿಲ್ಲ.

ದೊಡ್ಡಿಯಲ್ಲಿ ಇನ್ನೊಂದು ಕುರಿ ಇತ್ತು. ಮೊನ್ನೆ ಅದರ ಮರಿ ಹುಟ್ಟುವಾಗಲೇ ಸತ್ತಿತ್ತು. ಮೈತುಂಬ ಗೇಣುದ್ದದ ಉಣ್ಣೆ, ಕೆಚ್ಚಲು ತುಂಬ ಹಾಲು. ಆದರೂ ಅದು ಎರಡು ದಿನದಿಂದ ಮೇವು ಮುಟ್ಟದೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಬೇರೆ ಮರಿ ಹತ್ತಿರ ಬಂದರೆ ಹಾಯುತ್ತಿತ್ತು. ಸತ್ತ ಮರಿಯ ಚರ್ಮವನ್ನು ಮುದುಕಿ ತೆಗೆದಿರಿಸಿದ್ದಳು. ಕುರಿಗೆ ತನ್ನ ಮರಿಯದೇ ವಾಸನೆ ಸಿಗಲೆಂದು ಅದನ್ನು ಈ ಮರಿಗೆ ಅಂಗಿಯಂತೆ ತೊಡಿಸಿ, ಅದರ ಬಳಿ ಬಿಟ್ಟಳು.

ಕುರಿ ಮೂಸಿತು. ತಲೆ ತಗ್ಗಿಸಿ ಹಾಯಲು ಹೋಗಿ, ತಡೆದು, ಮತ್ತೊಮ್ಮೆ ಮೂಸಿತು. ಆಮೇಲೆ ಕಾಲು ಅಗಲಿಸಿ ನಿಂತಿತು. ಮರಿ ಮೊಲೆ ಹುಡುಕಿಕೊಂಡಿತು. ಅದರ ಬಾಲ ಕುಣಿಯತೊಡಗಿದಾಗ ಸೊಸೆ ಗಟ್ಟಿಯಾಗಿ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಕುರಿ ಮೇವಿಗೆ ಬಾಯಿ ಹಾಕಿತು. ಮೂರು ದಿನ ಕಳೆದು ಮುದುಕಿ ಆ ಚರ್ಮ ಬಿಚ್ಚಿದಳು. ಕುರಿ ಮರಿಯನ್ನು ದೂರ ತಳ್ಳಲಿಲ್ಲ.

ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ. ಬಿಸಿ ಹುಟ್ಟುವುದು ಹಾಲಿನಿಂದ, ಮೇವಿನಿಂದ. ಉಣ್ಣೆ ಅದನ್ನು ಕಾಯುತ್ತದೆ. ತಣ್ಣಗಾಗಿದ್ದ ಆ ಮರಿಯ ಕತೆಯನ್ನು ನಾಳೆಯೇ ಮಕ್ಕಳಿಗೆ ಹೇಳುತ್ತೇನೆ."

"ತಣ್ಣಗಾಗಿದ್ದದ್ದು ಮರಿಯೊಂದೇ ಅಂದುಕೊಂಡೆಯಾ?" ಎಂದರು ಗುರುಗಳು.

ಮೈತುಂಬ ಉಣ್ಣೆಯಿದ್ದೂ ಗೋಡೆಗೆ ಮುಖ ಮಾಡಿ ನಿಂತಿದ್ದ ಆ ಕುರಿ ಶಿಷ್ಯನಿಗೆ ನೆನಪಾಯಿತು.