ಕುಂಕುಮದ ಮನೆಯ ಹೊನ್ನಾಜಮ್ಮ

ದೀಪದ ಕುಡಿ ಮುಂದೆ ತಳ್ಳಿ, ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದು, ಒಲೆಯ ಮೇಲಿನ ಚಿಂತೆ ಅಲ್ಲೇ ಬಿಟ್ಟು ಬಂದು ಕೂತುಕೊಳ್ಳಿ. ಕಿವಿಗೊಡುವ ಗೌರಿಯ ಕಥೆ ಇದು. ಅರ್ಧ ಕೇಳಿ ಎದ್ದವರಿಗೆ ಫಲವೂ ಅರ್ಧವೇ.

ಸೌಗಂಧಪುರವೆಂಬ ಪಟ್ಟಣದಲ್ಲಿ ಕುಂಕುಮ ಮಾಡುವ ಮನೆತನವೊಂದಿತ್ತು. ಅರಿಶಿನವನ್ನು ನಿಂಬೆರಸದಲ್ಲೂ ಸುಣ್ಣದ ತಿಳಿಯಲ್ಲೂ ನೆನೆಸಿ, ನೆರಳಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ ಅವರು ಮಾಡಿದ ಕುಂಕುಮ ಅರಮನೆಯ ರಾಣಿಗೂ ಬೇಕು, ಬೀದಿಯ ಹೂವಾಡಗಿತ್ತಿಗೂ ಬೇಕು. ಆ ಮನೆಯ ಅತ್ತೆ ಒಂದು ವ್ರತ ಹಿಡಿದಿದ್ದಳು. ಶುಕ್ರವಾರ ಒನಕೆ ಎತ್ತುವ ಮುಂಚೆ ದೀಪ ಹಚ್ಚಿ, ಮನೆಮಂದಿಯನ್ನೂ ಕೆಲಸದ ಹೆಂಗಸರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, "ನಿನ್ನ ಮನಸ್ಸು ಹೇಗಿದೆಯಮ್ಮ?" ಎಂದು ಒಬ್ಬೊಬ್ಬರನ್ನೂ ಕೇಳಬೇಕು, ಅವರು ಹೇಳಿ ಮುಗಿಸುವ ತನಕ ಯಜಮಾನಿ ತುಟಿ ಬಿಚ್ಚಬಾರದು. ಹೋಳಿಗೆ ಪಾಯಸವೇನೂ ಬೇಡದ ವ್ರತ, ಆದರೂ ಅದರ ಕಷ್ಟ ಮಾಡಿದವರಿಗೇ ಗೊತ್ತು.

ಅತ್ತೆ ಕಾಲವಾದ ಮೇಲೆ ಬೀಗದ ಕೈ ಹಿರಿಯ ಸೊಸೆ ಹೊನ್ನಾಜಮ್ಮನ ಸೊಂಟಕ್ಕೆ ಬಂತು. ಅವಳು ಕೆಟ್ಟವಳಲ್ಲ. ಹಿಂದೆ ತಾನು ಹೆತ್ತ ಕೂಸು ಮಣ್ಣಾದಾಗ ಮೂರನೆಯ ದಿನವೇ ಎದ್ದು ಒನಕೆ ಹಿಡಿದು, ಅಳದೆ ಬದುಕಿದವಳು. ತನಗೆ ಒಗ್ಗಿದ ಮದ್ದು ಊರಿಗೆಲ್ಲ ಒಗ್ಗುತ್ತದೆಂದು ನಂಬಿದವಳು. ಶುಕ್ರವಾರದ ಬೆಳಗೆಲ್ಲ ಮಾತಿಗೇ ಹೋದರೆ ಕುಟ್ಟುವುದು ಯಾವಾಗ ಎಂದು ಆ ವ್ರತವನ್ನೇ ನಿಲ್ಲಿಸಿಬಿಟ್ಟಳು.

ಆ ವರ್ಷ ನವರಾತ್ರಿಗೆ ಹನ್ನೆರಡು ಮೂಟೆ ಕುಂಕುಮ ಬೇಕೆಂದು ಅರಮನೆಯಿಂದ ಹೇಳಿಕೆ ಬಂತು. ಅದೇ ತಿಂಗಳು ಅವಳ ಮೈದುನ ನರಸಪ್ಪ ಕುಂಕುಮ ಮಾರಲು ದೂರದ ಸಂತೆಗೆ ಹೋದವನು ಚಳಿಜ್ವರ ಬಂದು ಅಲ್ಲೇ ತೀರಿಕೊಂಡ. ಅವನ ಹೆಂಡತಿ ಸಿಂಗಾರಮ್ಮನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹದಿಮೂರನೆಯ ದಿನ ಕಳೆದ ಮರುದಿನವೇ ಹೊನ್ನಾಜಮ್ಮ ವಾರಗಿತ್ತಿಯ ಕೈಗೆ ಒನಕೆ ಕೊಟ್ಟಳು. ಕೈಗೆ ಕೆಲಸವಿದ್ದರೆ ದುಃಖ ಮರೆಯುತ್ತದೆ, ಪಾಪ, ಎಂದುಕೊಂಡೇ ಕೊಟ್ಟಳು. ಅಯ್ಯೋ, ಎಂಥ ಕುರುಡು ಕರುಣೆ! ಯಾರ ಹಣೆಯ ಕುಂಕುಮ ಅಳಿಸಿಹೋಗಿತ್ತೋ ಅವಳ ಕೈಯಿಂದಲೇ ಊರವರ ಹಣೆಗೆಲ್ಲ ಕುಂಕುಮ ಕುಟ್ಟಿಸುವುದೇ? ಸಿಂಗಾರಮ್ಮ ಎದುರಾಡದೆ ಕುಟ್ಟಿದಳು. ಅಂಗೈ ಕೆಂಪಾಯಿತು, ಸೆರಗು ಕೆಂಪಾಯಿತು, ಹಣೆ ಮಾತ್ರ ಬರಿದಾಗಿತ್ತು. ಕೆಲಸದವರು ಮುಖ ತಿರುಗಿಸಿಕೊಂಡು ಅತ್ತರು.

ಒನಕೆ ಹಿಡಿದ ಒಂಬತ್ತನೆಯ ದಿನ ಅವಳು ಹೊನ್ನಾಜಮ್ಮನ ಹತ್ತಿರ ಬಂದು, "ಅಕ್ಕಾ, ನನಗೆ ಅರಿಶಿನ ತೊಳೆಯೋ ಕೆಲಸ ಕೊಡ್ತೀರಾ? ಈ ಒನಕೆ ನನ್ನ ಕೈಲಿ..." ಎಂದಳು.

ಹೊನ್ನಾಜಮ್ಮ ತಲೆ ಎತ್ತದೆ, "ಮಾತು ಆಮೇಲೆ ಸಿಂಗಾರಿ, ಮೊದಲು ಮೂಟೆ ತುಂಬಲಿ" ಎಂದಳು.

ಮರುದಿನ ಬೆಳಗ್ಗೆ ಸಿಂಗಾರಮ್ಮ ಬಾವಿಕಟ್ಟೆಯಲ್ಲಿ ಕೈಯನ್ನು ತಿಕ್ಕಿ ತಿಕ್ಕಿ ತೊಳೆದು, ಯಾರಿಗೂ ಹೇಳದೆ ಹೊಳೆಯಾಚೆಯ ತವರಿಗೆ ನಡೆದುಬಿಟ್ಟಳು.

ಅದೇ ವಾರ, ಕೊನೆಯ ಸಲ ಅರಿಶಿನ ನೆನೆಹಾಕಿದಾಗ ಸುಣ್ಣ ಅತಿಯಾದದ್ದನ್ನು ಹಳೆಯ ಕೆಲಸದಾಕೆ ಕಾಳಮ್ಮ ಕಂಡಳು. ಹೇಳಬೇಕೆಂದು ಬಾಯಿ ತೆರೆದವಳು, ತನಗೂ ಮಾತು ಆಮೇಲೆ ಎಂದಾರೆಂದು ಮುಚ್ಚಿಕೊಂಡಳು. ಆ ಕುಂಕುಮ ಅರಮನೆಗೆ ಹೋಗಿ, ಹಚ್ಚಿಕೊಂಡವರ ಹಣೆ ಉರಿದು ಬೊಬ್ಬೆ ಎದ್ದು, ಮೂಟೆಗಳೆಲ್ಲ ಬಾಗಿಲಿಗೆ ವಾಪಸು ಬಂದು ಬಿದ್ದವು. ಗಿರಾಕಿಗಳು ಹೋದರು, ಕೆಲಸದವರು ಒಬ್ಬೊಬ್ಬರಾಗಿ ಹೋದರು, ಹೊನ್ನಾಜಮ್ಮನ ಗಂಡ ಜಗಲಿಯಲ್ಲಿ ಕೂತು ಸುಮ್ಮನೆ ಬೀದಿ ನೋಡುವಂತಾಯಿತು.

ಹೀಗಿರಲು ಒಂದು ಶುಕ್ರವಾರ ಬರಿಹಣೆಯ ಮುದುಕಿಯೊಬ್ಬಳು ಬಂದು ಹಿಡಿ ಅರಿಶಿನ ಬೇಡಿದಳು. ಹೊನ್ನಾಜಮ್ಮ ಕೊಟ್ಟು, ಬೇರೆ ಕೆಲಸವಿಲ್ಲದ್ದರಿಂದ, ಯಾಕಿಷ್ಟು ಬಳಲಿದ್ದೀರಿ ತಾಯಿ ಎಂದು ಕೇಳಿ ಎದುರಿಗೆ ಕೂತಳು. ಮುದುಕಿ ಹೇಳುತ್ತ ಹೋದಳು, ಇವಳು ಕೇಳುತ್ತ ಹೋದಳು, ಬಿಸಿಲು ಅಂಗಳ ದಾಟಿತು. ಕೊನೆಗೆ ಮುದುಕಿ, "ನನಗೆ ಇಷ್ಟು ಹೊತ್ತು ಕಿವಿಗೊಟ್ಟೆಯಲ್ಲ ಮಗಳೇ, ಹೊಳೆಯಾಚೆಗೆ ಹೋದವಳು ಬೇಡಿದ್ದು ಒಂದೇ ಗಳಿಗೆ" ಎಂದು ಹೇಳಿ, ಹೊಸ್ತಿಲು ದಾಟುತ್ತಲೇ ಕಾಣದಾದಳು. ಬಂದವಳು ಗೌರಿಯೆಂದು ತಿಳಿದು ಹೊನ್ನಾಜಮ್ಮ ನೆಲಕ್ಕೆ ಬಿದ್ದು ಅತ್ತಳು. ಕೂಸು ಸತ್ತಾಗ ಅಳದ ಅಳುವನ್ನೂ ಸೇರಿಸಿ ಅತ್ತಳು.

ಹೊಳೆ ದಾಟಿ ಹೋದರೆ ಸಿಂಗಾರಮ್ಮ ಹಾಸಿಗೆ ಹಿಡಿದಿದ್ದಳು. ಹೊನ್ನಾಜಮ್ಮ ಪಕ್ಕದಲ್ಲಿ ಕೂತು, ಅತ್ತೆ ಕೇಳುತ್ತಿದ್ದ ಹಾಗೆಯೇ ಕೇಳಿದಳು. ಸಿಂಗಾರಮ್ಮ, "ಸಂತೆಗೆ ಹೊರಟ ದಿನ ಅವರೇ ನನ್ನ ಹಣೆಗೆ ಇಟ್ಟಿದ್ರು ಅಕ್ಕಾ. ಒನಕೆ ಎತ್ತಿದಾಗೆಲ್ಲ ಆ ಬೆರಳು ನೆನಪಾಗ್ತಿತ್ತು. ಅಷ್ಟೇ ಹೇಳಬೇಕಿತ್ತು" ಎಂದಳು. ಹೊನ್ನಾಜಮ್ಮ ತುಟಿ ಬಿಚ್ಚಲಿಲ್ಲ. ಏಳು ದಿನ ಅಲ್ಲೇ ಕೂತು, ಅವಳು ಹೇಳಿದ್ದನ್ನೆಲ್ಲ ಕೇಳಿದಳು. ಎಂಟನೆಯ ದಿನ ಸಿಂಗಾರಮ್ಮ ಅಕ್ಕನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು.

ಹೊನ್ನಾಜಮ್ಮ ಊರಿಗೆ ಮರಳಿ, ಕಾಳಮ್ಮನ ಮನೆಯಿಂದ ಹಿಡಿದು ಬಾಗಿಲು ಬಾಗಿಲಿಗೆ ಹೋಗಿ ತಪ್ಪೊಪ್ಪಿಕೊಂಡು, ಎಲ್ಲರನ್ನೂ ಕರೆತಂದು ವ್ರತವನ್ನು ಮತ್ತೆ ಹಿಡಿದಳು. ಸುಣ್ಣ ಹೆಚ್ಚಾದರೆ ಹೇಳುವವರಿದ್ದರು, ಕೇಳುವ ಯಜಮಾನಿಯಿದ್ದಳು, ಕುಂಕುಮ ಹಿಂದಿನಂತೆಯೇ ಕೆಂಪೇರಿತು, ಅರಮನೆಯಿಂದಲೂ ಮತ್ತೆ ಕರೆ ಬಂತು. ಆದರೆ ಎಲ್ಲರನ್ನೂ ಕೇಳಿಯಾದ ಮೇಲೆ ಹೊನ್ನಾಜಮ್ಮ ಸಾಲಿನ ಕೊನೆಯಲ್ಲಿ ಒಂದು ಮಣೆ ಹಾಕಿ, ಅದರ ಮುಂದೆ ಕೂತು, "ನಿನ್ನ ಮನಸ್ಸು ಹೇಗಿದೆಯಮ್ಮ?" ಎಂದು ಕೇಳಿ, ಒಬ್ಬರು ಹೇಳಿ ಮುಗಿಸುವಷ್ಟು ಹೊತ್ತು ಸುಮ್ಮನೆ ಕಾಯುತ್ತಿದ್ದಳು. ಸಾಯುವ ತನಕ ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಆ ಮಣೆಯಿಂದ ಒಂದು ಮಾತೂ ಬರಲಿಲ್ಲ.

ಇಂದಿಗೂ ಈ ವ್ರತದಲ್ಲಿ ಒಂದು ಮಣೆ ಖಾಲಿ ಇಡುವುದು ಅದಕ್ಕೇ. ಈ ಕಥೆ ಹೇಳಿದವರ ಮನೆಯಲ್ಲೂ ಕೇಳಿದವರ ಮನೆಯಲ್ಲೂ ಕಸುಬು ಬೆಳೆಯಲಿ, ಮನಸ್ಸಿನ ಮಾತು ಮನಸ್ಸಲ್ಲೇ ಇಟ್ಟುಕೊಂಡು ಯಾರೂ ಹೊಸ್ತಿಲು ದಾಟದಿರಲಿ. ಈಗ ಅಕ್ಷತೆ ಹಾಕಿ ನಮಸ್ಕರಿಸಿ, ಆಮೇಲೆ ಪಕ್ಕದಲ್ಲಿ ಕೂತವರ ಕಡೆ ತಿರುಗಿ ಕೇಳಿ.